ಮೊದಲ ಬೈಕು ಕ್ರೂಸರ್ ಆಗಬಹುದೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಸದಾಗಿ ಗೇರ್ ಬೈಕು ಕಲಿಯುತ್ತಿರುವವರದು. ಎಲ್ಲರ ಕಣ್ಣೂ ಸೀಟು ತಗ್ಗಿರುವ, ಹ್ಯಾಂಡಲ್ ಅಗಲವಿರುವ ಚಿಕ್ಕ ಕ್ರೂಸರ್‌ಗಳ ಮೇಲೆ. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರ: ನನ್ನ ಎತ್ತರ 5 ಅಡಿ 1 ಇಂಚು. ಆಕ್ಟಿವಾ ಓಡಿಸಿ ಅಭ್ಯಾಸವಿದೆ, ಗೇರ್ ಬೈಕು ಮುಟ್ಟಿಲ್ಲ. ರಾಯಲ್ ಎನ್‌ಫೀಲ್ಡ್‌ನ ಮೀಟಿಯರ್ 350 ತಗೊಳ್ಳುವ ಆಸೆ. ಅಣ್ಣ ಮಾತ್ರ, "ಅದು ಭಾರ, ನಿನ್ನ ಕೈಲಿ ಆಗಲ್ಲ, ಬಜಾಜ್ ಅವೆಂಜರ್ 160 ತಗೋ" ಅನ್ನುತ್ತಾನೆ. ಸೀಟು ತಗ್ಗಿದ್ದರೆ ಸಾಲದೇ? ಭಾರ ಅಷ್ಟು ಮುಖ್ಯವೇ?
– ಓದುಗರು, ಚಿಕ್ಕಮಗಳೂರು

ಉ: ಮುಖ್ಯ. ಬೈಕು ಓಡುತ್ತಿರುವಾಗ ಭಾರ ಗೊತ್ತೇ ಆಗುವುದಿಲ್ಲ. ಪಾರ್ಕಿಂಗ್‌ನಿಂದ ಹಿಂದಕ್ಕೆ ಎಳೆಯುವಾಗ, ಇಳಿಜಾರಿನಲ್ಲಿ ನಿಲ್ಲಿಸುವಾಗ, ಗಂಟೆಗೆ ಐದಾರು ಕಿ.ಮೀ. ವೇಗದಲ್ಲಿ ತಿರುಗಿಸುವಾಗ ಗೊತ್ತಾಗುತ್ತದೆ. ಹೊಸಬರು ಗಾಡಿ ಕೆಡವುವುದೂ ಹೆಚ್ಚಾಗಿ ಇಂಥ ಕಡೆಗಳಲ್ಲೇ.

ನಿಮ್ಮ ಆಕ್ಟಿವಾ ಸುಮಾರು 106 ಕಿಲೋ. ಅವೆಂಜರ್ 160 ಸ್ಟ್ರೀಟ್ 156 ಕಿಲೋ, ಅವೆಂಜರ್ 220 ಕ್ರೂಸ್ 163, ಮೀಟಿಯರ್ 191. ಸೀಟಿನ ಎತ್ತರ ಎರಡೂ ಅವೆಂಜರ್‌ಗಳಲ್ಲಿ 737 ಮಿ.ಮೀ., ಮೀಟಿಯರ್‌ನಲ್ಲಿ 765. ನೋಡಲು ಹತ್ತಿರದ ನೆಂಟರಂತಿರುವ ಕ್ಲಾಸಿಕ್ 350 ಸೀಟು 805, ಹೋಂಡಾ ಹೈನೆಸ್ 800, ಟಿವಿಎಸ್ ರೋನಿನ್ 795. ಈ ಮೂರನ್ನೂ ಕ್ರೂಸರ್ ಎಂದು ತೋರಿಸುವ ಅಂಗಡಿಯವರು ಇದ್ದಾರೆ. ನಿಮ್ಮ ಎತ್ತರಕ್ಕೆ ಇವು ಮೂರೂ ಕಷ್ಟ.

ಕಂಪನಿ ಕೊಡುವ ಸೀಟಿನ ಅಂಕಿಯನ್ನು ಮಾತ್ರ ನಂಬಬೇಡಿ, ನಿಮ್ಮ ಕಾಲನ್ನೂ ಅಳೆಯಿರಿ. ಬೈಕು ಓಡಿಸುವಾಗ ಹಾಕುವ ಶೂ ಹಾಕಿಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ದಪ್ಪ ರಟ್ಟಿನ ಪುಸ್ತಕವೊಂದನ್ನು ತೊಡೆಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲಕ್ಕೆ ಅಳತೆ ತೆಗೆಯಿರಿ. 5 ಅಡಿ 1 ಇಂಚಿನವರಿಗೆ ಇದು ಸಾಮಾನ್ಯವಾಗಿ 700ರಿಂದ 730 ಮಿ.ಮೀ. ಬರುತ್ತದೆ. ನೀವು ಕೂತಾಗ ಸೀಟಿನ ಫೋಮ್ ಮತ್ತು ಶಾಕ್ ಅಬ್ಸಾರ್ಬರ್ ಸ್ವಲ್ಪ ಕುಗ್ಗುತ್ತವೆ, ಅದು ಲಾಭ. ಸೀಟು ಅಗಲವಿದ್ದರೆ ತೊಡೆ ಹೊರಕ್ಕೆ ಹೋಗಿ ಕಾಲಿನ ಉದ್ದ ಅಷ್ಟು ಕಡಿಮೆಯಾಗುತ್ತದೆ, ಅದು ನಷ್ಟ. ಕ್ರೂಸರ್‌ಗಳ ಸೀಟು ಅಗಲವೇ. ಹೀಗಾಗಿ ಅವೆಂಜರ್‌ನಲ್ಲಿ ನಿಮ್ಮ ಎರಡೂ ಪಾದ ಬಹುತೇಕ ನೆಲಕ್ಕೆ ಊರಬಹುದು, ಮೀಟಿಯರ್‌ನಲ್ಲಿ ಪಾದದ ಮುಂಭಾಗ ಮಾತ್ರ. ಕ್ರೂಸರ್‌ಗೆ ಒಂದು ನಿಜವಾದ ಅನುಕೂಲವಿದೆ: ಫುಟ್‌ರೆಸ್ಟ್ ಮುಂದಿರುವುದರಿಂದ ನಿಂತಾಗ ಅದು ಮೀನಖಂಡಕ್ಕೆ ಅಡ್ಡ ಬರುವುದಿಲ್ಲ, ಕಾಲು ನೇರ ಕೆಳಗಿಳಿಯುತ್ತದೆ.

ಶೋರೂಮಿನಲ್ಲಿ ಟೆಸ್ಟ್ ರೈಡ್‌ಗಿಂತ ಮೊದಲು, ಇಂಜಿನ್ ಆಫ್ ಇರುವಾಗಲೇ ಇಷ್ಟು ಮಾಡಿ ನೋಡಿ. ಸೈಡ್ ಸ್ಟ್ಯಾಂಡ್‌ನಿಂದ ಬೈಕನ್ನು ನೇರ ಎತ್ತಿ ಎರಡು ನಿಮಿಷ ಹಿಡಿದುಕೊಂಡು ಕೂರಿ. ಕೂತಲ್ಲಿಂದಲೇ ಕಾಲಿನಲ್ಲಿ ಹತ್ತು ಅಡಿ ಹಿಂದಕ್ಕೆ ತಳ್ಳಿ. ಇಳಿದು, ಎಡಗಡೆ ನಿಂತು, ಹ್ಯಾಂಡಲ್ ಹಿಡಿದು ಒಂದು ಸುತ್ತು ತಳ್ಳಿಕೊಂಡು ಬನ್ನಿ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಬಲಗೈ ಆಕ್ಸಿಲೇಟರ್ ಹಿಡಿಯುವಾಗ ಮೊಣಕೈ ಸ್ವಲ್ಪವಾದರೂ ಬಗ್ಗಿದೆಯೇ ನೋಡಿ. ಪೂರ್ತಿ ಬಲಕ್ಕೆ ತಿರುಗಿಸಿ ಎಡಗೈಯಿಂದ ಕ್ಲಚ್ ಪೂರ್ತಿ ಒತ್ತಲು ಆಗುತ್ತದೆಯೇ ನೋಡಿ. ಬಹಳ ಜನ ಬಿಟ್ಟುಬಿಡುವ ಪರೀಕ್ಷೆ ಈ ಕೊನೆಯದು. ಅಗಲ ಹ್ಯಾಂಡಲ್ ತಿರುಗಿದಾಗ ಹೊರಗಿನ ತುದಿ ದೂರ ಹೋಗುತ್ತದೆ. ಯು-ಟರ್ನ್ ಮಧ್ಯೆ ಕ್ಲಚ್ ಕೈಗೆ ಸಿಗದಿದ್ದರೆ ಇಂಜಿನ್ ಆಫ್ ಆಗಿ ಬೈಕು ಒಳಬದಿಗೆ ಬೀಳುತ್ತದೆ.

ಅಣ್ಣನ "ಆಗಲ್ಲ" ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಅವರು ಸೂಚಿಸಿದ ಬೈಕನ್ನು ಒಪ್ಪುತ್ತೇವೆ. ಚಿಕ್ಕಮಗಳೂರಿನಂಥ ಏರುತಗ್ಗಿನ ಊರಿನಲ್ಲಿ ದಿನಾ ನಿಲ್ಲಿಸಿ ತೆಗೆಯುವವರಿಗೆ ಆ 35 ಕಿಲೋ ವ್ಯತ್ಯಾಸ ದೊಡ್ಡದು. ಒಂದು ವರ್ಷ ಅವೆಂಜರ್ ಓಡಿಸಿ ಆಮೇಲೆ ಮೀಟಿಯರ್‌ಗೆ ಹೋಗಿ. ಮೇಲಿನ ಎಲ್ಲ ಪರೀಕ್ಷೆಯಲ್ಲೂ ಮೀಟಿಯರ್ ನಿಮ್ಮ ಮಾತು ಕೇಳಿದರೆ ಈಗಲೇ ತಗೊಳ್ಳಿ. ಮೈಕಟ್ಟಿಗಿಂತ ಹಿಡಿತದ ಕ್ರಮ ಮುಖ್ಯ.

ಬೀಳಿಸುವುದು ಕಲಿಕೆಯ ಭಾಗ ಎಂದುಕೊಂಡು ಎತ್ತುವುದನ್ನೂ ಕಲಿಯಿರಿ. ಮೊದಲು ಕಿಲ್ ಸ್ವಿಚ್ (ಹ್ಯಾಂಡಲ್ ಮೇಲಿನ, ಇಂಜಿನ್ ನಿಲ್ಲಿಸುವ ಗುಂಡಿ), ಆಮೇಲೆ ಕೀ ಆಫ್. ಗೇರ್‌ನಲ್ಲಿರಲಿ, ಚಕ್ರ ಉರುಳಬಾರದು. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಹೊರಗೆ ಎಳೆದಿಡಿ, ಇಲ್ಲದಿದ್ದರೆ ಎತ್ತಿದ ರಭಸಕ್ಕೆ ಎಡಕ್ಕೆ ಬೀಳುತ್ತದೆ. ಬೈಕಿಗೆ ಬೆನ್ನು ಮಾಡಿ, ಸೀಟಿನ ಅಂಚಿಗೆ ಸೊಂಟದ ಕೆಳಭಾಗ ತಾಗಿಸಿ ಕುಕ್ಕರಿಸಿ. ಒಂದು ಕೈ ಕೆಳಗಿರುವ ಹ್ಯಾಂಡಲ್ ತುದಿಗೆ, ಇನ್ನೊಂದು ಹಿಂದಿನ ಹಿಡಿಗೆ. ಬೆನ್ನು ನೇರವಿರಲಿ, ಕಾಲಿನ ಬಲದಿಂದ ಸಣ್ಣ ಸಣ್ಣ ಹೆಜ್ಜೆಯಲ್ಲಿ ಹಿಂದಕ್ಕೆ ಸರಿಯುತ್ತ ಎತ್ತಿ. ಹೊಸ ಬೈಕುಗಳಲ್ಲಿ ಗಾಡಿ ಮಲಗಿದೊಡನೆ ಸೆನ್ಸರ್ ಇಂಜಿನ್ ನಿಲ್ಲಿಸಿರುತ್ತದೆ. ಕೀ ಒಮ್ಮೆ ಆಫ್ ಮಾಡಿ ಆನ್ ಮಾಡಿದರೇ ಸ್ಟಾರ್ಟ್ ಆಗುವುದು. ಲೆಗ್ ಗಾರ್ಡ್ ಮರೆಯದೆ ಹಾಕಿಸಿ. ಅದಿದ್ದರೆ ಬೈಕು ಪೂರ್ತಿ ಮಲಗುವುದಿಲ್ಲ, ಎತ್ತುವುದು ಅರ್ಧ ಸುಲಭ, ಕ್ಲಚ್ ಲಿವರ್ ಮತ್ತು ಟ್ಯಾಂಕೂ ಉಳಿಯುತ್ತವೆ.

ಪ್ರ: ಮೊದಲು ಅಪ್ಪನ ಸ್ಪ್ಲೆಂಡರ್‌ನಲ್ಲಿ ಕಲಿತು ಆಮೇಲೆ ಕ್ರೂಸರ್‌ಗೆ ಹೋಗಬೇಕೇ, ನೇರ ಕ್ರೂಸರ್‌ನಲ್ಲೇ ಕಲಿಯಬಹುದೇ?
– ಓದುಗರು, ದಾವಣಗೆರೆ

ಉ: ಮನೆಯಲ್ಲಿ ಸ್ಪ್ಲೆಂಡರ್ ಇದ್ದರೆ ಅದೃಷ್ಟ. ಸುಮಾರು 112 ಕಿಲೋ, ಬಿದ್ದರೂ ಖರ್ಚು ಕಡಿಮೆ. ಕ್ಲಚ್, ಗೇರ್, ಬ್ರೇಕ್ ಕೈಕಾಲಿಗೆ ಕೂರುವವರೆಗೆ ಅದರಲ್ಲೇ ಓಡಿಸಿ. ಎರಡಕ್ಕೂ ಇರುವ ಅಂತರ ಮಾತ್ರ ಮೊದಲೇ ಗೊತ್ತಿರಲಿ.

ಕ್ರೂಸರ್‌ನ ಮುಂದಿನ ಫೋರ್ಕ್ ಹೆಚ್ಚು ಓರೆಯಾಗಿ ಚಾಚಿಕೊಂಡಿರುತ್ತದೆ, ಎರಡು ಚಕ್ರಗಳ ನಡುವಿನ ಅಂತರವೂ ಹೆಚ್ಚು. ಅವೆಂಜರ್ 220ರಲ್ಲಿ ಅದು 1490 ಮಿ.ಮೀ. ಇದರಿಂದಲೇ ನೇರ ಹೈವೇಯಲ್ಲಿ ಅಷ್ಟು ನೆಮ್ಮದಿಯಾಗಿ ಹೋಗುತ್ತದೆ. ಅದೇ ಓರೆಯಿಂದಾಗಿ ನಿಧಾನ ತಿರುವಿನಲ್ಲಿ ಮುಂದಿನ ಚಕ್ರ ತಾನಾಗಿ ಒಳಕ್ಕೆ ವಾಲಲು ನೋಡುತ್ತದೆ. ಸ್ಪ್ಲೆಂಡರ್‌ನಲ್ಲಿ ಈ ಎಳೆತ ಇಲ್ಲವೆನ್ನುವಷ್ಟು ಕಡಿಮೆ. ಹೊಸಬರು ಗಾಬರಿಯಾಗಿ ಮುಂದಿನ ಬ್ರೇಕ್ ಹಿಡಿಯುತ್ತಾರೆ, ಗಾಡಿ ಬೀಳುತ್ತದೆ. ಹ್ಯಾಂಡಲ್ ತಿರುಗಿರುವಾಗ, ವೇಗ ತೀರಾ ಕಡಿಮೆಯಿರುವಾಗ ಮುಂದಿನ ಬ್ರೇಕ್ ಮುಟ್ಟಲೇಬಾರದು. ಹಾಫ್ ಕ್ಲಚ್, ಅಲುಗದ ಆಕ್ಸಿಲೇಟರ್, ಹಿಂದಿನ ಬ್ರೇಕಿನ ಮೇಲೆ ಹಗುರ ಒತ್ತಡ, ಈ ಮೂರರಿಂದಲೇ ತಿರುಗಿಸಬೇಕು. ಕಣ್ಣು ಮುಂದಿನ ಚಕ್ರದ ಮೇಲಲ್ಲ, ಹೋಗಬೇಕಾದ ಕಡೆಗೆ ಇರಬೇಕು. ಭಾನುವಾರ ಬೆಳಿಗ್ಗೆ ಖಾಲಿ ಮೈದಾನದಲ್ಲಿ ಎರಡು ಇಟ್ಟಿಗೆ ಇಟ್ಟು ಮೊದಲು 30 ಅಡಿ ಅಗಲದಲ್ಲಿ, ಸಲೀಸಾದ ಮೇಲೆ 20 ಅಡಿಯಲ್ಲಿ ಯು-ಟರ್ನ್ ಅಭ್ಯಾಸ ಮಾಡಿ. ಎಡಕ್ಕೆ ಎಷ್ಟು ಸಲವೋ ಬಲಕ್ಕೂ ಅಷ್ಟೇ ಸಲ.

ಎರಡನೆಯದು ಕಾಲಿನದು. ಬ್ರೇಕ್ ಪೆಡಲ್ ಮುಂದಿರುತ್ತದೆ, ಪಾದ ಎತ್ತಿ ಒತ್ತಬೇಕು. ಕೆಲವರು ಸೋಮಾರಿತನಕ್ಕೆ ಪಾದವನ್ನು ಪೆಡಲ್ ಮೇಲೇ ಇಟ್ಟುಕೊಂಡು ಓಡಿಸುತ್ತಾರೆ. ಬ್ರೇಕ್ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ, ಹಿಂದಿನ ಲೈಟು ಸದಾ ಉರಿಯುವುದರಿಂದ ನೀವು ನಿಜವಾಗಿ ಬ್ರೇಕ್ ಹಾಕಿದಾಗ ಹಿಂದಿನವರಿಗೆ ತಿಳಿಯುವುದಿಲ್ಲ. ಮೀಟಿಯರ್‌ನಲ್ಲಿ ಗೇರ್ ಲಿವರ್ ಹಿಮ್ಮಡಿಗೂ ಇದೆ. ಹಿಮ್ಮಡಿಯಿಂದ ಒತ್ತಿದರೆ ಗೇರ್ ಮೇಲೇರುತ್ತದೆ, ಇಳಿಸಲು ಮುಂದಿನಿಂದ ಒತ್ತಬೇಕು. ಸ್ಪ್ಲೆಂಡರ್‌ನಲ್ಲಿ ಗೇರ್ ಬೀಳುವ ಕ್ರಮವೇ ಬೇರೆ, ಮುಂದಕ್ಕೆ ಒತ್ತುತ್ತ ಹೋದರೆ ಮೇಲೇರುತ್ತದೆ. ಅಭ್ಯಾಸ ಬದಲಿಸಿಕೊಳ್ಳುವವರೆಗೆ ಟ್ರಾಫಿಕ್ಕಿಗೆ ಇಳಿಯಬೇಡಿ. ಅವಸರದಲ್ಲಿ ಗೇರ್ ಏರಿಸಲು ಹೋಗಿ ಇಳಿಸಿದರೆ ಹಿಂದಿನ ಚಕ್ರ ಜಾರುತ್ತದೆ.

ಬ್ರೇಕಿನ ಬಗ್ಗೆ ಇನ್ನೊಂದು ಮಾತು. 125 ಸಿಸಿ ಮೀರಿದ ಬೈಕಿಗೆ ಏಪ್ರಿಲ್ 2019ರಿಂದ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಆದರೆ ಅವೆಂಜರ್‌ನದು ಸಿಂಗಲ್ ಚಾನೆಲ್, ಮುಂದಿನ ಚಕ್ರಕ್ಕೆ ಮಾತ್ರ. ಮಳೆಯಲ್ಲಿ ಹಿಂದಿನ ಬ್ರೇಕ್ ತುಳಿದರೆ ಹಿಂದಿನ ಚಕ್ರ ಲಾಕ್ ಆಗಿ ಜಾರಬಹುದು. ಮೀಟಿಯರ್‌ನಲ್ಲಿ ಎರಡಕ್ಕೂ ಇದೆ. ಹಣಕ್ಕೆ ಇಕ್ಕಟ್ಟಿಲ್ಲದಿದ್ದರೆ ಮೀಟಿಯರ್ ಪರವಾಗಿ ನಾವು ಹೇಳುವ ಗಟ್ಟಿ ಕಾರಣ ಇದೇ.

ಪ್ರ: ಎಲ್‌ಎಲ್‌ಆರ್ ಇಟ್ಟುಕೊಂಡು 350 ಸಿಸಿ ಓಡಿಸಬಹುದೇ? ಆರ್‌ಟಿಒದಲ್ಲಿ 8 ಹಾಕುವಾಗ ಕ್ರೂಸರ್ ತೊಂದರೆ ಕೊಡುತ್ತದೆಯೇ? ತಮ್ಮನಿಗೆ 17, ಅವನೂ ಕಲಿಯಬೇಕಂತೆ.
– ಓದುಗರು, ಬೆಂಗಳೂರು

ಉ: ಓಡಿಸಬಹುದು. ನಮ್ಮಲ್ಲಿ ಕಲಿಯುವವರಿಗೆ ಸಿಸಿ ಮಿತಿ ಇಲ್ಲ. ಅರ್ಜಿಯಲ್ಲಿ ಗೇರ್ ಇರುವ ಮೋಟಾರ್ ಸೈಕಲ್ ವರ್ಗವನ್ನೇ ಆರಿಸಿ. ಗೇರ್ ಇಲ್ಲದ್ದಕ್ಕೆ ಪಡೆದ ಲೈಸೆನ್ಸ್ ಇಲ್ಲಿ ನಡೆಯುವುದಿಲ್ಲ. ಎಲ್‌ಎಲ್‌ಆರ್ ಆರು ತಿಂಗಳು ಚಾಲ್ತಿಯಲ್ಲಿರುತ್ತದೆ, 30 ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು. ಹಿಂದೆ ಮುಂದೆ ಬಿಳಿ ಹಿನ್ನೆಲೆಯ ಕೆಂಪು 'ಎಲ್' ಇರಬೇಕು. ಹಿಂದೆ ಕೂರುವುದಾದರೆ ಲೈಸೆನ್ಸ್ ಇರುವ, ಕಲಿಸುವವರು ಮಾತ್ರ. ಸ್ನೇಹಿತರನ್ನು ಕೂರಿಸಿಕೊಂಡು ಹೋಗುವುದು ತಪ್ಪು.

8 ಹಾಕಲು ಕ್ರೂಸರ್ ಕಷ್ಟ ಕೊಡುತ್ತದೆ, ಅಸಾಧ್ಯವಲ್ಲ. ಸುತ್ತಿನ ಒಳಅಂಚನ್ನು ಬಿಟ್ಟು ಹೊರಗಿನಿಂದ ಅಗಲವಾಗಿ ಹೋಗಿ, ಮೊದಲ ಗೇರ್‌ನಲ್ಲೇ ಇರಿ, ಕಾಲು ನೆಲಕ್ಕೆ ತಾಗಿಸಬೇಡಿ. ಮನೆಯ ಚಿಕ್ಕ ಗೇರ್ ಬೈಕು ಇದ್ದರೆ ಪರೀಕ್ಷೆಗೆ ಅದನ್ನೇ ಒಯ್ಯಿರಿ, ಲೈಸೆನ್ಸ್ ಒಂದೇ.

ತಮ್ಮ ಕಾಯಲೇಬೇಕು. 16 ತುಂಬಿದವರಿಗೆ 50 ಸಿಸಿ ಒಳಗಿನ, ಗೇರ್ ಇಲ್ಲದ ವಾಹನ ಮಾತ್ರ. ಅಪ್ರಾಪ್ತರು ಓಡಿಸಿ ಅಪರಾಧವಾದರೆ 2019ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಪ್ರ: ದಿನಾ 40 ಕಿ.ಮೀ., ಅದರಲ್ಲಿ ಘಾಟಿ ಇದೆ, ಹಂಪ್ಸ್ ಲೆಕ್ಕವಿಲ್ಲ. ಕ್ರೂಸರ್ ಆರಾಮ ಅನ್ನುತ್ತಾರೆ, ಬೆನ್ನಿಗೂ ಒಳ್ಳೆಯದೇ?
– ಓದುಗರು, ಶಿರಸಿ

ಉ: ಒಳ್ಳೆಯ ರಸ್ತೆಯಲ್ಲಿ ಆರಾಮ, ನಿಜ. ಹಾಳು ರಸ್ತೆಯಲ್ಲಿ ಅಲ್ಲ. ಸಾಮಾನ್ಯ ಬೈಕಿನಲ್ಲಿ ಗುಂಡಿ ಕಂಡಕೂಡಲೇ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಸೀಟಿನಿಂದ ಒಂದಿಂಚು ಏಳುತ್ತೇವೆ, ಮಂಡಿ ಹೊಡೆತ ನುಂಗುತ್ತದೆ. ಕ್ರೂಸರ್‌ನಲ್ಲಿ ಕಾಲು ಮುಂದಿರುವುದರಿಂದ ಏಳಲು ಆಗುವುದಿಲ್ಲ. ಹೊಡೆತ ನೇರ ಬಾಲದ ಮೂಳೆಗೆ, ಅಲ್ಲಿಂದ ಸೊಂಟಕ್ಕೆ. ಮೊದಲೇ ಬೆನ್ನುನೋವು ಇರುವವರು, ನಿಮ್ಮಂತೆ ದಿನಾ ಘಾಟಿ ಹತ್ತಿಳಿಯುವವರು ಹಂಟರ್ 350 ಅಥವಾ ರೋನಿನ್‌ನಂಥ, ಫುಟ್‌ರೆಸ್ಟ್ ಕಾಲಡಿಗೆ ಬರುವ ಬೈಕು ನೋಡುವುದು ಮೇಲು. ಹಂಟರ್ ಸುಮಾರು 181 ಕಿಲೋ, ಸೀಟು 790 ಮಿ.ಮೀ.

ಕ್ರೂಸರೇ ಬೇಕೆಂದಿದ್ದರೆ ಹಂಪ್ಸ್ ದಾಟುವ ಕ್ರಮ ತಿಳಿದಿರಲಿ. ಅವೆಂಜರ್ 220ರ ಹೊಟ್ಟೆ ನೆಲದಿಂದ 169 ಮಿ.ಮೀ., ಮೀಟಿಯರ್‌ನದು 170. ಸಂಖ್ಯೆ ಕಡಿಮೆಯೇನಲ್ಲ. ಚಕ್ರಗಳ ಅಂತರ ಹೆಚ್ಚಿರುವುದರಿಂದ ಚೂಪಾದ ಹಂಪ್ಸ್‌ನ ನೆತ್ತಿ ನಡುಹೊಟ್ಟೆಗೆ ತಾಗುತ್ತದೆ, ಹಿಂದೆ ಒಬ್ಬರು ಕೂತಿದ್ದರಂತೂ ಇನ್ನೂ ಬೇಗ. ಬ್ರೇಕನ್ನು ಹಂಪ್ಸ್‌ಗೆ ಮೊದಲೇ ಮುಗಿಸಿ, ಮುಂದಿನ ಚಕ್ರ ಹತ್ತುವಷ್ಟರಲ್ಲಿ ಪೂರ್ತಿ ಬಿಡಿ. ಬ್ರೇಕ್ ಹಿಡಿದೇ ಹತ್ತಿದರೆ ಫೋರ್ಕ್ ಕುಗ್ಗಿ ಮುಂಭಾಗ ತಗ್ಗಿರುತ್ತದೆ, ಹೊಟ್ಟೆ ಉಜ್ಜುವುದು ಆಗಲೇ. ಇಬ್ಬರು ಹೋಗುವ ದಿನ ಹಿಂದಿನ ಶಾಕ್ ಅಬ್ಸಾರ್ಬರ್‌ನ ಸ್ಪ್ರಿಂಗ್ ಒಂದೆರಡು ಮೆಟ್ಟಿಲು ಬಿಗಿ ಮಾಡಿಸಿ, ಎಡಬಲ ಎರಡೂ ಒಂದೇ ಮೆಟ್ಟಿಲಲ್ಲಿರಲಿ.

ಘಾಟಿಯಲ್ಲಿ ಹೆಚ್ಚು ವಾಲಿಸಿದರೆ ಫುಟ್‌ರೆಸ್ಟ್ ನೆಲಕ್ಕೆ ಉಜ್ಜುತ್ತದೆ. ಉಜ್ಜಿದ ಸದ್ದಿಗೆ ಬೆದರಿ ಬೈಕನ್ನು ಥಟ್ಟನೆ ನೇರ ಮಾಡಿದರೆ ಎದುರಿನ ವಾಹನದ ಸಾಲಿಗೆ ಹೋಗುತ್ತೀರಿ. ತಿರುವಿಗೆ ಮೊದಲೇ ಎರಡನೇ ಗೇರ್‌ಗೆ ಇಳಿದು, ಹೊರಅಂಚಿನಿಂದ ಒಳಗೆ ಬನ್ನಿ. ಇಳಿಯುವಾಗ ಇಂಜಿನ್ ಹಿಡಿತವೇ ಮುಖ್ಯ, ಕ್ಲಚ್ ಒತ್ತಿಕೊಂಡು ಜಾರಿಸಬೇಡಿ.

ಪ್ರ: 2018ರ ಅವೆಂಜರ್ 220 ಸೆಕೆಂಡ್ ಹ್ಯಾಂಡ್ ಬಂದಿದೆ. ಕಲಿಯಲು ತಗೊಳ್ಳಬಹುದೇ? ಏನೇನು ನೋಡಬೇಕು?
– ಓದುಗರು, ಹುಬ್ಬಳ್ಳಿ

ಉ: ಕಲಿಯಲು ನಾವು ಮೊದಲು ಸೂಚಿಸುವುದೇ ಇಂಥ ಬೈಕು. ಗೀರು ಬಿದ್ದರೂ ಸಂಕಟವಾಗುವುದಿಲ್ಲ. 2018ರದು ಕಾರ್ಬೊರೇಟರ್ ಇರುವ ಗಾಡಿ, ಬಿಎಸ್6 ಹೊಗೆ ನಿಯಮ ಬಂದ 2020ರ ನಂತರದ್ದು ಫ್ಯೂಯೆಲ್ ಇಂಜೆಕ್ಷನ್. ಅದಕ್ಕೆ ಎಬಿಎಸ್ ಇದೆಯೇ ಎಂದೂ ಕೇಳಿ, ಆ ವರ್ಷ ಎಲ್ಲದರಲ್ಲೂ ಬಂದಿರಲಿಲ್ಲ.

ಬೆಳಿಗ್ಗೆ ಹೋಗಿ. ನೀವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಹೇಳಿರಿ, ಹೋದ ಕೂಡಲೇ ಇಂಜಿನ್ ಮುಟ್ಟಿ ತಣ್ಣಗಿದೆಯೇ ನೋಡಿ. ತಣ್ಣಗಿನ ಇಂಜಿನ್ ಸ್ಟಾರ್ಟ್ ಆಗಲು ಹಟ ಮಾಡಿದರೆ ಬ್ಯಾಟರಿ, ಪ್ಲಗ್, ಕಾರ್ಬೊರೇಟರ್ ಯಾವುದೋ ಒಂದು ಸೊರಗಿದೆ. ಸೈಲೆನ್ಸರ್‌ನಿಂದ ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಸುಡುತ್ತಿದೆ, ಮಾತು ಅಲ್ಲೇ ಮುಗಿಸಿ.

ಕ್ರೂಸರ್‌ನಲ್ಲಿ ವಿಶೇಷವಾಗಿ ನೋಡಬೇಕಾದ್ದು ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್. ಇನ್ನೊಬ್ಬರ ಸಹಾಯದಿಂದ ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿ, ಹ್ಯಾಂಡಲನ್ನು ಬೆರಳ ತುದಿಯಿಂದ ನಿಧಾನವಾಗಿ ಎಡಬಲ ತಿರುಗಿಸಿ. ಸರಿಯಾಗಿದ್ದರೆ ತಡೆಯಿಲ್ಲದೆ ತಿರುಗುತ್ತದೆ. ಸವೆದಿದ್ದರೆ ನೇರವಾಗಿರುವ ಜಾಗದಲ್ಲಿ 'ಟಕ್' ಎಂದು ಕೂರುತ್ತದೆ. ಇಂಥ ಗಾಡಿ ನಿಧಾನ ವೇಗದಲ್ಲಿ ಹಾವಿನಂತೆ ಓಲಾಡುತ್ತದೆ, ಕಲಿಯುವವರು ತಮ್ಮ ಕೈಯದೇ ತಪ್ಪೆಂದು ತಿಳಿಯುತ್ತಾರೆ. ಹೊಸ ಕೋನ್‌ಸೆಟ್ ದೊಡ್ಡ ಖರ್ಚಲ್ಲ, ಬೆಲೆ ಇಳಿಸಲು ಆಧಾರ.

ಫೋರ್ಕ್ ಕೊಳವೆಗಳ ಮೇಲೆ ಎಣ್ಣೆಯ ಉಂಗುರ ಕಂಡರೆ ಆಯಿಲ್ ಸೀಲ್ ಹೋಗಿದೆ. ಚೈನನ್ನು ಹಿಂದಿನ ಸ್ಪ್ರಾಕೆಟ್‌ನ (ಹಲ್ಲುಚಕ್ರದ) ಹಿಂಬದಿಯಿಂದ ಹೊರಕ್ಕೆ ಎಳೆಯಿರಿ, ಹಲ್ಲು ಅರ್ಧ ಕಾಣಿಸುವಷ್ಟು ಬಂದರೆ ಸೆಟ್ ಬದಲಿಸಬೇಕು. ಟೈರಿನ ಪಕ್ಕದ ನಾಲ್ಕಂಕಿ ಓದಿ, ಮೊದಲೆರಡು ವಾರ, ಕೊನೆಯೆರಡು ವರ್ಷ: 2218 ಎಂದರೆ 2018ರ 22ನೇ ವಾರ. ಅದೇ ಹಳೇ ಟೈರ್ ಇದ್ದರೆ ಗ್ರಿಪ್ ಕಂಡರೂ ರಬ್ಬರ್ ಗಟ್ಟಿಯಾಗಿರುತ್ತದೆ, ಮಳೆಗೆ ಜಾರುತ್ತದೆ. ಓಡಿಸುವಾಗ ನಾಲ್ಕನೇ ಗೇರ್‌ನಲ್ಲಿ 40ರಲ್ಲಿದ್ದು ಆಕ್ಸಿಲೇಟರ್ ಪೂರ್ತಿ ಕೊಡಿ. ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಸವೆದಿವೆ.

ಕಾಗದಗಳಲ್ಲಿ ಚಾಸಿಸ್ ಮತ್ತು ಇಂಜಿನ್ ಸಂಖ್ಯೆ ಆರ್‌ಸಿಗೆ ತಾಳೆಯಾಗಬೇಕು. ಆರ್‌ಸಿಯಲ್ಲಿ ಸಾಲ ನಮೂದಾಗಿದ್ದರೆ ಫೈನಾನ್ಸ್‌ನವರ ಎನ್‌ಒಸಿ ಮತ್ತು ಫಾರಂ 35, ವರ್ಗಾವಣೆಗೆ ಫಾರಂ 29 ಮತ್ತು 30. ಹೆಸರು ಬದಲಾಗುವವರೆಗೆ ಪೂರ್ತಿ ಹಣ ಕೊಡಬೇಡಿ.

ಪ್ರ: ಶೋರೂಮ್ ಬೆಲೆಗೂ ಆನ್‌ರೋಡ್‌ಗೂ ಇಷ್ಟು ಅಂತರ ಏಕೆ? 350ರ ಮೇಲೆ ಹೋದರೆ ಏನಾಗುತ್ತದೆ?
– ಓದುಗರು, ಮೈಸೂರು

ಉ: ಕರ್ನಾಟಕದಲ್ಲಿ ಲೈಫ್‌ಟೈಮ್ ರಸ್ತೆ ತೆರಿಗೆ ಭಾರೀ. ಒಂದು ಲಕ್ಷ ದಾಟಿದ ಬೈಕಿಗೆ ಬೆಲೆಯ 18%, ಅದರ ಮೇಲೆ ಸೆಸ್. ಜೊತೆಗೆ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕು, ಅದರ ದರ 150 ಮತ್ತು 350 ಸಿಸಿ ಗಡಿಗಳಲ್ಲಿ ಏರುತ್ತದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗೆ ಜಿಎಸ್‌ಟಿ 18%ಕ್ಕೆ ಇಳಿದಿದೆ, ಮೇಲಿನವಕ್ಕೆ 40%. ಮೀಟಿಯರ್ 349 ಸಿಸಿ, ಕೆಳಗಿನ ಗುಂಪಿನಲ್ಲೇ ಬರುತ್ತದೆ. ಕಲಿಯುವವರು ಆ ಗಡಿ ದಾಟಲು ಕಾರಣವೇ ಇಲ್ಲ. ಉಳಿದ ಹಣದಲ್ಲಿ ಐಎಸ್‌ಐ ಗುರುತಿನ ಫುಲ್ ಫೇಸ್ ಹೆಲ್ಮೆಟ್, ಗ್ಲೌಸ್, ಕಣಕಾಲು ಮುಚ್ಚುವ ಶೂ ಮೊದಲು ಕೊಳ್ಳಿ. ಸದ್ದು ಮಾಡುವ ಸೈಲೆನ್ಸರ್‌ಗೆ ಕೊಡಬೇಡಿ. ದಂಡ ಬೀಳುವುದು ಒಂದಾದರೆ, ಕಿವಿಗೆ ಇಂಜಿನ್ ಸದ್ದೇ ತುಂಬಿ ಹಿಂದಿನ ಹಾರ್ನ್ ಕೇಳಿಸದಿರುವುದು ಇನ್ನೊಂದು.

ಪ್ರ: ಮೆಲ್ಬರ್ನ್‌ಗೆ ಬಂದಿದ್ದೇನೆ, ಇಲ್ಲಿ ಲರ್ನರ್ ಆಗಿ ಕ್ರೂಸರ್ ಕಲಿಯಬೇಕು. ಊರಿನ ಸಲಹೆ ಇಲ್ಲಿಗೆ ನಡೆಯುತ್ತದೆಯೇ?
– ಓದುಗರು, ಆಸ್ಟ್ರೇಲಿಯಾ

ಉ: ಅಳತೆ, ತಳ್ಳಿ ನೋಡುವ ಪರೀಕ್ಷೆ, ಯು-ಟರ್ನ್ ಅಭ್ಯಾಸ ಎಲ್ಲಾ ಕಡೆ ಒಂದೇ. ಕಾನೂನು ಬೇರೆ. ಅಲ್ಲಿ ಕಲಿಯುವವರು 660 ಸಿಸಿ ಒಳಗಿನ, ಒಂದು ಟನ್ ಭಾರಕ್ಕೆ 150 ಕಿಲೋವ್ಯಾಟ್ ಮೀರದ, ಸರ್ಕಾರಿ ಪಟ್ಟಿಯಲ್ಲಿರುವ ಬೈಕನ್ನೇ ಓಡಿಸಬೇಕು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಲರ್ನರ್ ಹಿಂದೆ ಯಾರನ್ನೂ ಕೂರಿಸುವಂತಿಲ್ಲ, ಹೊಳೆಯುವ ವೆಸ್ಟ್ ಕಡ್ಡಾಯ. ಆ ಪಟ್ಟಿಯಲ್ಲಿ ಮೀಟಿಯರ್ 350 ಇದೆ, ಹೋಂಡಾ ರೆಬೆಲ್ 500 ಕೂಡ ಇದೆ. ರೆಬೆಲ್ ಸೀಟು 690 ಮಿ.ಮೀ. ಮಾತ್ರ, ಭಾರ ಸುಮಾರು 191 ಕಿಲೋ. ಕಾಲು ಚಿಕ್ಕದಾದರೆ ಅದನ್ನೇ ಮೊದಲು ಕೂತು ನೋಡಿ. ಉದ್ದ ಕಾಲಿನವರಿಗೆ ಮಂಡಿ ಇಕ್ಕಟ್ಟಾಗುತ್ತದೆ, ಮೀಟಿಯರ್ ಸರಿ.